ಹಿತ್ತಿಲಿನ ಆರು ಗುಬ್ಬಿ

ಕಣ್ಣು ಪರೀಕ್ಷೆಗೆ ಬರುವವರಲ್ಲಿ ಹತ್ತಕ್ಕೆ ಇಬ್ಬರಾದರೂ ಸುಳ್ಳು ಹೇಳುತ್ತಾರೆ. ಇಪ್ಪತ್ತೆರಡು ವರ್ಷದಿಂದ ಕನ್ನಡಕದ ಅಂಗಡಿ ನಡೆಸುತ್ತಿರುವ ನನಗೆ ಇದು ಚೆನ್ನಾಗಿ ಗೊತ್ತು. ಬೆಂಚಿನ ಮೇಲೆ ಸರದಿ ಕಾಯುತ್ತಲೇ ಗೋಡೆಯ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು, ಒಂದು ಕಣ್ಣು ಮುಚ್ಚಿಸಿದ ಕೂಡಲೇ ಪಟಪಟನೆ ಒಪ್ಪಿಸಿಬಿಡುತ್ತಾರೆ. ಲಾರಿ ಓಡಿಸುವವರು, ಕೆಲಸ ಹೋದೀತೆಂದು ಹೆದರಿದವರು, ಕನ್ನಡಕ ಬಂದರೆ ಮುದುಕಿಯಾದಂತೆ ಎಂದುಕೊಂಡ ಹೆಂಗಸರು. ನಾನು ಬೋರ್ಡು ತಿರುಗಿಸಿ, ಈಗ ಇದನ್ನು ಓದಿ ಅನ್ನುತ್ತೇನೆ. ಆಗ ಅವರ ಮುಖ ನೋಡಬೇಕು. ಮನೆಗೆ ಬಂದು ಅದನ್ನೆಲ್ಲ ಗಂಡನ ಮುಂದೆ ನಟಿಸಿ ತೋರಿಸಿ ನಗುತ್ತಿದ್ದೆ. ಅಂಥವಳು ಮೂರು ವರ್ಷ ಇಡೀ ಬೀದಿಯ ಕಣ್ಣಿಗೆ ಮಣ್ಣೆರಚಿದೆ, ಅದೂ ಗುಬ್ಬಿಗಳ ವಿಷಯದಲ್ಲಿ.

ನಮ್ಮ ಬೀದಿಯಲ್ಲಿ ವರ್ಷಕ್ಕೊಮ್ಮೆ, ಚಳಿ ಮುಗಿಯುವ ಹೊತ್ತಿಗೆ ಬರುವ ಒಂದು ಭಾನುವಾರ, ಹಿತ್ತಿಲಿನ ಹಕ್ಕಿ ಎಣಿಸುತ್ತೇವೆ. ಇದನ್ನು ಶುರುಮಾಡಿದವರು ಅಂಚೆ ಮಾಮ. ನಿವೃತ್ತ ಪೋಸ್ಟ್‌ಮ್ಯಾನ್. ನನಗೆ ರಕ್ತಸಂಬಂಧವೇನಿಲ್ಲ, ಬೀದಿಗೆಲ್ಲ ಅವರು ಮಾಮ. ಹನ್ನೊಂದು ಮನೆಗೆ ಹನ್ನೊಂದು ಫಾರಂ, ಒಂದೊಂದನ್ನೂ ಕೈಯಾರೆ ತಂದು ಬಾಗಿಲ ಕೆಳಗೆ ತೂರಿಸಿ ಹೋಗುತ್ತಾರೆ. ಬೆಳಿಗ್ಗೆ ಏಳೂವರೆಯಿಂದ ಇಪ್ಪತ್ತು ನಿಮಿಷ ಹಿತ್ತಿಲಲ್ಲಿ ಅಲ್ಲಾಡದೆ ಕೂರಬೇಕು. ಒಂದೊಂದು ಜಾತಿಯ ಹಕ್ಕಿಯೂ ಒಂದೇ ಸಲಕ್ಕೆ ಅತಿ ಹೆಚ್ಚು ಎಷ್ಟು ಕಂಡಿತೋ ಅಷ್ಟನ್ನು ಬರೆಯಬೇಕು. ಅದೇ ಕಾಗೆ ಮೂರು ಸಲ ಬಂದು ಹೋದರೆ ಮೂರು ಕಾಗೆ ಆಗುವುದಿಲ್ಲ. ಒಂದೂ ಕಾಣದಿದ್ದರೆ ಸೊನ್ನೆ ಬರೆಯಬೇಕು. ಖಾಲಿ ಬಿಟ್ಟಿದ್ದರೆ ಮಾಮ ಫಾರಮ್ಮನ್ನು ಹಿಡಿದು ವಾಪಸು ಬರುತ್ತಿದ್ದರು, ವಿಳಾಸ ಸರಿಯಿಲ್ಲದ ಕಾಗದ ಬಂದಂತೆ.

ಮೊದಲ ವರ್ಷ ನಾನು ಗಡಿಯಾರ ಎದುರಿಗಿಟ್ಟುಕೊಂಡು ಕೂತು ಎಣಿಸಿದೆ. ಗುಬ್ಬಿ ಏಳು. ಅದು ಸತ್ಯವಾದ ಏಳು. ಆಗ ನಮ್ಮ ಹಿಂದಿನ ಗೋಡೆಯ ತುಂಬ ಒಂದು ಹಳೆಯ ಬಳ್ಳಿ ಹಬ್ಬಿಕೊಂಡಿತ್ತು. ಹೂವಿಲ್ಲ, ಹಣ್ಣಿಲ್ಲ, ಬರೀ ಕಸದ ಕೆಲಸ. ಆ ವರ್ಷವೇ ನಾನು ಅದನ್ನು ಬುಡಸಮೇತ ಕಡಿಸಿ, ನೆಲಕ್ಕೆ ಸಿಮೆಂಟು ಹಾಕಿಸಿ, ಬಟ್ಟೆ ಒಗೆಯುವ ಮೆಷಿನ್ನಿಗೆ ಶೀಟಿನ ಚಾವಣಿ ಎಬ್ಬಿಸಿದೆ. ಕಡಿಯುವ ದಿನ ಮಾಮ ಹಿಂದಿನ ಓಣಿಯಲ್ಲಿ ನಿಂತು ಗೋಡೆಯ ಮೇಲಿಂದ ತಲೆ ಎತ್ತಿ ನೋಡಿದರು.

“ಅಮ್ಮಾ, ಬೀದಿ ಗುಬ್ಬಿಯೆಲ್ಲ ರಾತ್ರಿ ಮಲಗೋದು ಇದರೊಳಗೇ. ಅರ್ಧವಾದ್ರೂ ಬಿಡು.”

“ಅವೇನು ಬಾಡಿಗೆ ಕರಾರು ಮಾಡ್ಕೊಂಡಿದಾವಾ ಮಾಮ? ರೆಕ್ಕೆ ಇದೆ, ಇನ್ನೊಂದು ಕಡೆ ಹೋಗ್ತವೆ. ನಾಳೆ ನೋಡಿ, ಈ ಶೀಟಿನ ಮೇಲೇ ಬಂದು ಕೂತಿರ್ತವೆ” ಅಂದೆ. ಬಳ್ಳಿ ಕಡಿಯುತ್ತಿದ್ದ ಕೂಲಿಯವರೂ ನಕ್ಕರು. ಮಾಮ ನಗಲಿಲ್ಲ. ಓಣಿ ಹಿಡಿದು ಹೋದರು.

ಅವು ಬರಲಿಲ್ಲ. ಮರುವರ್ಷ ಇಪ್ಪತ್ತು ನಿಮಿಷ ಕೂತೆ, ನಲವತ್ತು ನಿಮಿಷ ಕೂತೆ. ಪಾರಿವಾಳ ಎರಡು, ಕಾಗೆ ನಾಲ್ಕು, ಗುಬ್ಬಿಯ ಸುಳಿವಿಲ್ಲ. ಗುಬ್ಬಿ ಎಂದಿದ್ದ ಸಾಲಿನಲ್ಲಿ ಸೊನ್ನೆ ಬರೆಯಲು ಪೆನ್ನು ಇಟ್ಟೆ. ಗೋಡೆಯ ಮೇಲಿಂದ ಕಂಡಿದ್ದ ಮಾಮನ ಮುಖ ಕಣ್ಣ ಮುಂದೆ ಬಂತು. ನಾನು ಸೋಲುವವಳಲ್ಲ, ಅದೇ ನನ್ನ ರೋಗ. ಆರು ಎಂದು ಬರೆದೆ. ಅದರ ಮುಂದಿನ ವರ್ಷ ಹೊರಗೆ ಕೂರುವ ಗೋಜಿಗೂ ಹೋಗದೆ ಹಾಸಿಗೆಯಲ್ಲೇ ಐದು ಎಂದು ಬರೆದೆ. ಈ ವರ್ಷ ಮತ್ತೆ ಆರು. ಒಂದೇ ಅಂಕಿ ಬರೆದರೆ ಅನುಮಾನ ಬರುತ್ತದೆಂದು ಒಂದು ಹೆಚ್ಚು, ಒಂದು ಕಡಿಮೆ. ಬಾಯಿಪಾಠದವರನ್ನು ಹಿಡಿದು ಹಿಡಿದು, ಸಿಕ್ಕಿಬೀಳದಿರುವುದು ಹೇಗೆಂದು ಕಲಿತಿದ್ದೆ ನೋಡಿ.

ಈ ವರ್ಷದ ಎಣಿಕೆಯಾಗಿ ಮೂರು ವಾರಕ್ಕೆ ಮಾಮ ಅಂಗಡಿಗೆ ಬಂದರು. ಬೆಂಚಿನ ಮೇಲೆ ಯಾರೂ ಇರಲಿಲ್ಲ.

“ಕಣ್ಣು ನೋಡಮ್ಮ. ಏನೋ ಎಡವಟ್ಟಾಗಿದೆ.”

“ಪೊರೆ ತೆಗೆಸಿ ಇನ್ನೂ ಎರಡು ವರ್ಷ ಆಗಿಲ್ಲ, ಏನ್ ಎಡವಟ್ಟು?”

“ಈ ಸಲ ಹತ್ತು ಮನೇಲೂ ಗುಬ್ಬಿ ಸೊನ್ನೆ. ನಿನ್ನ ಮನೇಲಿ ಮಾತ್ರ ಆರು. ಎಷ್ಟು ಖುಷಿಯಾಯ್ತು ಅಂತೀಯ! ದಿನಾ ಏಳೂವರೆಗೆ ನಿನ್ನ ಹಿಂದಿನ ಓಣೀಲಿ ಬಂದು ನಿಂತ್ಕೋತೀನಿ. ಹದಿನೆಂಟು ದಿನ ಆಯ್ತು. ಒಂದೂ ಕಾಣ್ಸಲ್ಲ.”

ಹದಿನೆಂಟು ದಿನ ಆ ಮನುಷ್ಯ ನನ್ನ ಗೋಡೆಯಾಚೆ ನಿಂತಿದ್ದ ಹೊತ್ತಿನಲ್ಲಿ ನಾನು ಈಚೆ ಚಹಾ ಕುಡಿಯುತ್ತ ಪೇಪರು ಓದುತ್ತಿದ್ದೆ. ಅಲ್ಲೇ ಹೇಳಿಬಿಡಬಹುದಿತ್ತು. ಮಾಮ, ಗುಬ್ಬಿ ಇಲ್ಲ, ನಾನು ಸುಳ್ಳು ಬರೆದೆ. ಆರೇ ಪದ. ಹೇಳುವ ಬದಲು ಕುರ್ಚಿ ತೋರಿಸಿ ಕೂರಿಸಿದೆ. ಅವರು ಕೊನೆಯ ಸಾಲಿನ ಇರುವೆಯಷ್ಟು ಅಕ್ಷರವನ್ನೂ ತಡವರಿಸದೆ ಓದಿದರು. ನಾನು ಬೋರ್ಡು ತಿರುಗಿಸಿದೆ, ಅದನ್ನೂ ಓದಿದರು. ನನ್ನ ಅಂಗಡಿಗೆ ಬಂದವರಲ್ಲಿ ಅಷ್ಟು ಪ್ರಾಮಾಣಿಕವಾದ ಕಣ್ಣು ನಾನು ನೋಡಿಲ್ಲ.

“ಒಂಚೂರು ನಂಬರ್ ಬದಲಾಗಿದೆ ಮಾಮ” ಅಂದೆ.

ಬದಲಾಗಿರಲಿಲ್ಲ. ಬೇಡದ ಗಾಜಿಗೆ ಕಾಲು ನಂಬರ್ ಏರಿಸಿ ಹೊಸ ಕನ್ನಡಕ ಮಾಡಿಕೊಟ್ಟೆ. ಕಸುಬಿನಲ್ಲಿ ನಾನು ಮಾಡಿದ ಮೊದಲ ಮೋಸ ಅದು. ಅವರು ಅದನ್ನು ಹಾಕಿಕೊಂಡು ಕನ್ನಡಿ ನೋಡಿ, “ಈಗ ಸಿಕ್ತವೆ ಬಿಡು” ಎಂದು ನಗುತ್ತ ಹೋದರು. ಅವರ ಬೆನ್ನು ನೋಡುತ್ತ ನನಗೆ ನನ್ನ ಮೇಲೇ ಅಸಹ್ಯವಾಯಿತು. ಆದರೆ ಅಸಹ್ಯಪಟ್ಟುಕೊಂಡು ಏನು ಬಂತು? ಸಂಜೆ ಅಂಗಡಿ ಮುಚ್ಚಿ ಬಂದು ಊಟ ಮಾಡಿ ಮಲಗಿದೆ.

ಹೊಸ ಕನ್ನಡಕದಲ್ಲೂ ನಾಲ್ಕು ದಿನ ನೋಡಿ, ಆಮೇಲೆ ಮಾಮ ಓಣಿಗೆ ಬರುವುದನ್ನು ನಿಲ್ಲಿಸಿದರು. ಪೀಡೆ ತೊಲಗಿತು ಎಂದುಕೊಂಡೆ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಎರಡು ತಿಂಗಳು ಕಳೆದ ಮೇಲೆ ಅವರ ಮಗಳು ಅಂಗಡಿಗೆ ಬಂದಳು. ಸ್ಕೂಲಿನಲ್ಲಿ ಡ್ರಿಲ್ ಟೀಚರ್ ಅವಳು. ಕೊರಳಲ್ಲಿ ಸದಾ ಸೀಟಿ, ಮಾತೂ ಸೀಟಿ ಊದಿದ ಹಾಗೆಯೇ. ಅವತ್ತು ದನಿ ಕುಗ್ಗಿತ್ತು. ಕಾಲು ಸಡಿಲಾದ ತನ್ನ ಕನ್ನಡಕವನ್ನು ಮುಂದಿಟ್ಟಳು.

“ಅಪ್ಪ ಹೇಗಿದಾರೆ?” ಅಂದೆ, ಸ್ಕ್ರೂ ಬಿಗಿಮಾಡುತ್ತ.

“ತಲೆ ಸರಿಯಿಲ್ಲ ಅಕ್ಕ. ಅವರೇ ಬಂದು ಹೇಳಿದ್ರು ನಂಗೆ. ‘ಕಣ್ಣು ಸರಿ ಇದೆ, ಕನ್ನಡಕ ಹೊಸದು, ಆದ್ರೂ ಇರೋದು ಕಾಣ್ತಿಲ್ಲ. ಅಂದ್ರೆ ಕೆಟ್ಟಿರೋದು ಮೇಲ್ಗಡೆ’ ಅಂದ್ರು. ಅದಕ್ಕೆ ಮುಂಚೆ ಒಂದ್ಸಲ ಗ್ಯಾಸ್ ಮೇಲೆ ಹಾಲಿಟ್ಟು ಮರೆತಿದ್ರು. ಆಗ ನಾನು ತಲೆಗೆ ಹಾಕ್ಕೊಂಡಿರ್ಲಿಲ್ಲ.”

“ಹಾಲು ಎಲ್ಲರೂ ಮರೀತಾರೆ.”

“ಮರೀತಾರೆ. ಆದ್ರೆ ಎಲ್ಲರೂ ಅಷ್ಟು ದಿನ ಎದುರಿಗಿರೋ ಗುಬ್ಬಿ ಕಾಣದೆ ವಾಪಸ್ ಬರ್ತಾರಾ? ಒಲೆ ತಿರುಪು ಕಿತ್ತು ನನ್ನ ಬ್ಯಾಗಲ್ಲಿ ಇಟ್ಕೊಂಡು ಸ್ಕೂಲಿಗೆ ಹೋಗ್ತೀನಿ. ಒಬ್ರೇ ಹೊರಗೆ ಹೋಗ್ಬೇಡಿ ಅಂದಿದೀನಿ. ಸೈಕಲ್ ಮಾರಿಬಿಟ್ವಿ. ಒಂದು ಮಾತು ಎದುರಾಡ್ಲಿಲ್ಲ ಅಕ್ಕ, ನಮ್ಮಪ್ಪ! ಅದೇ ನಂಗೆ ಭಯ.”

ಸ್ಕ್ರೂ ಕೈಜಾರಿ ಮೇಜಿನ ಕೆಳಗೆ ಉರುಳಿತು. ಹುಡುಕುವ ನೆಪದಲ್ಲಿ ಬಗ್ಗಿ ಅಲ್ಲೇ ಸ್ವಲ್ಪ ಹೊತ್ತು ಕೂತೆ. ಮೂವತ್ತೆಂಟು ವರ್ಷ ಒಂದು ಕಾಗದವನ್ನೂ ತಪ್ಪು ಮನೆಗೆ ಹಾಕದ ಮನುಷ್ಯ. ಈಗ ತನ್ನ ಚಹಾ ತಾನು ಕಾಸಿಕೊಳ್ಳುವ ಹಾಗಿಲ್ಲ. ನಾನು ಬರೆದ ಒಂದು ಅಂಕಿಯನ್ನು ನಂಬಿದ್ದಕ್ಕೆ.

“ಮುಂದಿನ ವರ್ಷದ ಎಣಿಕೆ ನೀವೇ ನಡೆಸ್ಬೇಕಂತೆ” ಎಂದಳು ಮೇಲಿನಿಂದ. “ಬೀದೀಲಿ ಸರಿಯಾಗಿ ನೋಡೋಳು ಅಂದ್ರೆ ಅವಳೊಬ್ಬಳೇ ಅಂದ್ರು. ವರ್ಷವರ್ಷದ ಎಣಿಕೆ ಬರೆದಿಟ್ಟ ಪುಸ್ತಕ ನಿಮಗೆ ಕೊಡೋಕೆ ಹೇಳಿದಾರೆ.”

ಆಗಲೂ ಹೇಳಲಿಲ್ಲ. ಸಿಕ್ಕಿದ ಸ್ಕ್ರೂ ಹಾಕಿ, ಗಾಜು ಒರೆಸಿ, ಕನ್ನಡಕ ಕೈಗಿಟ್ಟು ಕಳಿಸಿದೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಪ್ರೆಸ್ಸಿನಲ್ಲಿ ಮೆಷಿನ್ ನಡೆಸಿ ನಡೆಸಿ ಕಿವಿ ಮಂದವಾದವನು ಅವನು. ಎರಡೆರಡು ಸಲ ಹೇಳಬೇಕಾಯಿತು. ಕೆಟ್ಟ ಕೆಲಸವನ್ನು ಎರಡನೇ ಸಲ ಜೋರಾಗಿ ಹೇಳುವುದಿದೆಯಲ್ಲ, ಅದು ಮಾಡುವುದಕ್ಕಿಂತ ಕಷ್ಟ. ಅವನು ಬಯ್ಯಲಿಲ್ಲ.

“ಇಲ್ಲದಿರೋ ಗುಬ್ಬೀನ ಎಷ್ಟು ದಿನ ಸಾಕ್ತೀಯ? ಹೋಗಿ ಹೇಳಿ ಬಾ” ಎಂದ.

“ಮಾಮ ಬೇಜಾರು ಮಾಡ್ಕೊಂಡ್ರೆ?”

“ಮಾಡ್ಕೊಳ್ಳಲಿ. ತಲೆ ಕೆಟ್ಟಿದೆ ಅಂತ ಕೂತಿರೋದಕ್ಕಿಂತ ವಾಸಿ ತಾನೇ?”

ನನಗೂ ಹಾಗೇ ಅನ್ನಿಸಿತು. ಬಯ್ದರೆ ಬಯ್ಯಲಿ, ಮುಖಕ್ಕೆ ಉಗಿದರೂ ಸರಿ, ಅವರ ತಲೆ ಅವರಿಗೆ ವಾಪಸು ಸಿಗುತ್ತದಲ್ಲ ಎಂದುಕೊಂಡು ಮರುದಿನ ಸಂಜೆ ಹೋದೆ. ಬಾಗಿಲು ತೆರೆದೇ ಇತ್ತು. ಮಾಮ ಮುಂದಿನ ಕೋಣೆಯಲ್ಲಿ ಬೆತ್ತದ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಬೆರಳು ಮಡಿಸುತ್ತ ಏನೋ ಹೇಳಿಕೊಳ್ಳುತ್ತಿದ್ದರು.

“ಮೂಲೆ ಮನೆ ಡಾಕ್ಟ್ರು. ಪಕ್ಕದಲ್ಲಿ ಹೊಲಿಗೆಯವಳು. ಎರಡು ಗೇಟು ಬಿಟ್ಟು ನಾಯಿ ಮನೆ, ಕಾಗದ ಕಿಟಕಿಗೆ. ಮೆಟ್ಟಿಲು ಹತ್ತಿದ್ರೆ ಎಡಕ್ಕೆ ಅವಳಿ ಮಕ್ಕಳ ತಾಯಿ, ಬಲಕ್ಕೆ ಬೀಗ…”

ತಾವು ಕಾಗದ ಹಂಚುತ್ತಿದ್ದ ಹಳೆಯ ದಾರಿಯನ್ನು ಒಂದೊಂದು ಮನೆಯಾಗಿ ಒಪ್ಪಿಸುತ್ತಿದ್ದರು. ತಲೆಯಿಂದ ಇನ್ನೆಷ್ಟು ಸೋರಿಹೋಗಿದೆ ಎಂದು ದಿನಾ ನೋಡಿಕೊಳ್ಳುತ್ತಿದ್ದರಂತೆ. ಅರವತ್ತಕ್ಕೂ ಹೆಚ್ಚು ಮನೆ, ಒಂದೂ ಬಿಡಲಿಲ್ಲ. ಮುಗಿಯುವವರೆಗೆ ನಾನು ಹೊಸ್ತಿಲಲ್ಲೇ ನಿಂತಿದ್ದೆ. ಅಳು ಬಂತು. ಅಳುವುದಕ್ಕೆ ನನಗೆ ಯಾವ ಹಕ್ಕೂ ಇರಲಿಲ್ಲ.

“ಓ, ಬಾಮ್ಮ. ಪುಸ್ತಕಕ್ಕೆ ಬಂದ್ಯಾ?”

“ಇಲ್ಲ ಮಾಮ. ನಿಮ್ಮ ಕಣ್ಣು ಸರಿಯಾಗೇ ಇದೆ. ತಲೇನೂ ಸರಿಯಾಗೇ ಇದೆ. ನನ್ನ ಹಿತ್ತಿಲಲ್ಲಿ ಗುಬ್ಬಿ ಇಲ್ಲ. ಸುಳ್ಳು ಬರೆದೆ.”

ಅವರು ಹೊಸ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡಿದರು.

“ಅದೂ ಬೇಡದ ನಂಬರು” ಅಂದೆ. “ಹಳೇದೇ ಹಾಕ್ಕೊಳ್ಳಿ.”

“ಮೊದಲನೇ ವರ್ಷದ ಏಳು?”

“ಅದು ನಿಜ.”

“ಬಳ್ಳಿ ಕಡಿಸಿದ ಮೇಲೆ?”

“ಒಂದೂ ಬರ್ಲಿಲ್ಲ ಮಾಮ. ಮೂರು ವರ್ಷದಿಂದ ಒಂದೂ ಇಲ್ಲ. ನೀವು ಹೇಳಿದ್ದೇ ಆಯ್ತು ಅಂತ ಒಪ್ಪಿಕೊಳ್ಳೋಕೆ ಆಗ್ಲಿಲ್ಲ.”

ಅವರು ಎದ್ದು ಹೋಗಿ ಪುಸ್ತಕ ತಂದರು. ನಮ್ಮ ಮನೆಯ ಸಾಲಿನ ಮೇಲೆ ಬೆರಳಿಟ್ಟು ಏಳು, ಆರು, ಐದು, ಆರು ಎಂದು ಸವರುತ್ತ ಹೋದರು. “ಎರಡನೇ ವರ್ಷ ಬೇರೆ ಮನೇಲಿ ಅಲ್ಲೊಂದು ಇಲ್ಲೊಂದು ಇದ್ವು ನೋಡು. ನಿನ್ನ ಮನೇಲಿ ಹೋಯ್ತು ಅಂತ ಅವತ್ತೇ ಗೊತ್ತಾಗಿದ್ರೆ, ನಮ್ಮ ಗೋಡೆಗೇ ಒಂದು ಬಳ್ಳಿ ಹಬ್ಬಿಸ್ತಿದ್ದೆ. ಆರು ಇದಾವಲ್ಲ, ಹೇಗೋ ಇದಾವೆ ಅಂತ ಸುಮ್ನಿದ್ದೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದರು. ಬಯ್ಯಿರಿ ಮಾಮ ಅಂದೆ. ಅವರು ಪುಸ್ತಕದ ಪುಟ ತಿರುಗಿಸಿದರು.

“ಮಗಳಿಗೆ ಹೇಳಿ, ನಿಮಗೇನೂ ಆಗಿಲ್ಲ ಅಂತ. ನಿಮ್ಮ ಒಲೆ ನಿಮಗೆ ಕೊಡ್ತಾಳೆ, ಓಡಾಡೋಕೆ ಬಿಡ್ತಾಳೆ” ಅಂದೆ. ಸಮಾಧಾನದ ಮಾತು ಎಂದುಕೊಂಡು ಹೇಳಿದೆ.

“ತಲೆ ಕೆಟ್ಟಿದೆ ಅಂದ್ಕೊಂಡಿದ್ದೇ ಚೆನ್ನಾಗಿತ್ತಮ್ಮ” ಎಂದರು. “ನಂಗೆ ಕಾಣದಿದ್ರೂ ಗುಬ್ಬಿ ಇದಾವೆ ಅನ್ಕೊಂಡಿದ್ದೆ. ದಿನಾ ಏಳೂವರೆಗೆ ಇಲ್ಲೇ ಕೂತು, ಈಗ ಬಂದಿರ್ತವೆ, ಅವಳ ಶೀಟಿನ ಮೇಲೆ ಆರೂ ಕೂತಿರ್ತವೆ ಅನ್ಕೋತಿದ್ದೆ.”

ಅವರ ತಲೆಯನ್ನು ಅವರಿಗೆ ವಾಪಸು ಕೊಡಲು ಬಂದವಳು, ಉಳಿದಿದ್ದ ಆರನ್ನೂ ಕಿತ್ತುಕೊಂಡಿದ್ದೆ.

ಗೇಟಿನ ಸದ್ದಾಯಿತು. ಮಗಳು ಸ್ಕೂಲಿನಿಂದ ಬಂದಳು. ಬ್ಯಾಗು ಇಳಿಸುತ್ತ ನಮ್ಮಿಬ್ಬರ ಮುಖ ನೋಡಿ ಬಾಗಿಲಲ್ಲೇ ನಿಂತಳು.

“ಯಾಕೆ? ಏನಾಯ್ತು? ಯಾರಿಗೆ ಏನಾಯ್ತು?”

ಮಾಮ ನನ್ನ ಹೆಸರೆತ್ತಲಿಲ್ಲ. ಪುಸ್ತಕ ಮುಚ್ಚಿ, “ಗುಬ್ಬಿ ಹೋಗ್ಬಿಟ್ವಂತೆ ಕಣಮ್ಮ” ಎಂದರು, ಸಾವಿನ ಸುದ್ದಿ ತಿಳಿಸುವ ದನಿಯಲ್ಲಿ. ಅವಳಿಗೆ ಅರ್ಥವಾಗಲಿಲ್ಲ. ಅಪ್ಪನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, ಅಪ್ಪನಿಗೆ ಕಾಯಿಲೆ ಹೆಚ್ಚಾಯಿತೆಂದುಕೊಂಡು ಅವರ ಹಣೆ ಮುಟ್ಟಿ ನೋಡಲು ಹೋದಳು. ಮಿಕ್ಕಿದ್ದನ್ನು ನಾನೇ ಹೇಳಬೇಕಾಯಿತು.