ದೊಬ್ರಿಲಾಳ ಲೈನಿನಲ್ಲಿ ಎಂಟನೆಯವರು

೧

ಎಲ್ಲಿಂದ ಶುರು ಮಾಡಲಿ? ರಸ್ತೆ ಅಗೆಯುವವರು ಕಚೇರಿಯ ಇಂಟರ್ನೆಟ್ ಕೇಬಲ್ ಕತ್ತರಿಸಿದ ದಿನದಿಂದಲೇ? ಅದು ಮೂರು ವಾರದ ಹಿಂದಿನ ಮಾತು, ಅಷ್ಟು ಹಿಂದಕ್ಕೆ ಎಳೆದರೆ ನೀವು ಪುಟ ಮಗುಚಿಬಿಡುತ್ತೀರಿ. ದೊಬ್ರಿಲಾ ಹುಟ್ಟಿದ ದಿನದಿಂದಲೇ? ಅದಕ್ಕೆ ಕಾದಂಬರಿಯೇ ಬೇಕು, ನನಗೆ ಅಷ್ಟು ದಮ್ಮಿಲ್ಲ.

೨

(ಮೊದಲ ಕರಡು, ಹರಿದು ಹಾಕಿದ್ದು.) 'ಶರತ್ಕಾಲದ ಮಂದ ಬೆಳಕಿನಲ್ಲಿ ನಿಶಾವಾ ನದಿ ಮೌನವಾಗಿ ಹರಿಯುತ್ತಿತ್ತು...' ಹರಿದುಕೊಂಡಿರಲಿ ಬಿಡಿ. ಈ ಕಥೆಗೂ ಆ ನದಿಗೂ ಏನೇನೂ ಸಂಬಂಧವಿಲ್ಲ.

೩

ಸರಿ, ಹೀಗೆ. ನಿಶ್ ನಗರದ ಒಂದು ಸರ್ಕಾರಿ ಕಚೇರಿ. (ಯಾವುದೆಂದು ಹೇಳುವುದಿಲ್ಲ. ಅದರ ಕೆಳಗಿನ ಮನೆಯಲ್ಲಿ ನಾನಿನ್ನೂ ಬಾಳಬೇಕು.) ಅಕ್ಟೋಬರ್ ಮೂವತ್ತೊಂದು, ಮಧ್ಯಾಹ್ನ ಒಂದು ಗಂಟೆ. ದೊಬ್ರಿಲಾ ಅಲ್ಲಿ ಹನ್ನೊಂದು ವರ್ಷದಿಂದ ತಾತ್ಕಾಲಿಕ ಉದ್ಯೋಗಿ. ಮೂರು ತಿಂಗಳಿಗೊಮ್ಮೆ ಹೊಸ ಒಪ್ಪಂದ, ಮೂರು ತಿಂಗಳಿಗೊಮ್ಮೆ ಎದೆ ಡವಡವ. ಈಗ ಕೊನೆಗೂ ಒಂದು ಕಾಯಂ ಹುದ್ದೆ ಖಾಲಿಯಾಗಿದೆ. ಅರ್ಜಿ, ಪ್ರಮಾಣಪತ್ರ, ಹನ್ನೊಂದು ವರ್ಷದ ಒಪ್ಪಂದಗಳ ಸ್ಕ್ಯಾನು, ಎಲ್ಲವೂ ಒಂದೇ ಫೈಲಾಗಿ ಎರಡು ಗಂಟೆಯೊಳಗೆ ವೆಬ್‌ಸೈಟಿಗೆ ಹೋಗಬೇಕು. ಎರಡು ದಾಟಿದರೆ ಬಾಗಿಲು ಮುಚ್ಚಿದಂತೆಯೇ.

ಅವಳ ಲ್ಯಾಪ್‌ಟಾಪಿನಲ್ಲಿ ಅವಳದೇ ಸಿಮ್ ಇದೆ, ಇಂಟರ್ನೆಟ್ ಲೈನ್ ಇದೆ. ಆದರೆ ಫೈಲು ಅರ್ಧ ಗಂಟೆಯಲ್ಲಿ ಶೇಕಡಾ ಆರರಷ್ಟು ಮಾತ್ರ ಹೋಗಿದೆ. ಯಾಕೆಂದರೆ ಆ ಲೈನಿನ ಮೇಲೆ ಇಡೀ ಕಚೇರಿ ಕೂತಿದೆ.

೪

ತಪ್ಪು ಅವಳದೇ. ಹತ್ತೊಂಬತ್ತನೇ ತಾರೀಖು ಸಂತ ತೋಮನ ದಿನ, ಅವಳ ಮನೆದೇವರ ಹಬ್ಬ. ಆ ಹಬ್ಬಕ್ಕೆ ಯಾರನ್ನೂ ಕರೆಯುವಂತಿಲ್ಲ, ಬಂದವರನ್ನು ಕಳಿಸುವಂತೆಯೂ ಇಲ್ಲ. ದೊಬ್ರಿಲಾ ಗೋಧಿ ಸಿಹಿಯ ಡಬ್ಬಿ ತಂದಳು. ಕೇಬಲ್ ಹೋಗಿ ಎಲ್ಲರೂ ಪೇಚಾಡುತ್ತಿದ್ದರಲ್ಲ, ಹಬ್ಬದ ಖುಷಿಯಲ್ಲಿ ತನ್ನ ಲೈನನ್ನೂ ಹಂಚಿ, ಪಾಸ್‌ವರ್ಡನ್ನು ಡಬ್ಬಿಯ ಮುಚ್ಚಳದ ಮೇಲೆ ಬರೆದಳು. ಸಿಹಿ ಅವತ್ತೇ ಮುಗಿಯಿತು. ಮುಚ್ಚಳ ಇನ್ನೂ ಗೋಡೆಗೆ ಒರಗಿ ನಿಂತಿದೆ.

ಲ್ಯಾಪ್‌ಟಾಪು ಎಂಟು ಫೋನುಗಳಿಗಿಂತ ಹೆಚ್ಚು ಒಪ್ಪುವುದಿಲ್ಲ. ಈಗ ತೆರೆಯ ಮೇಲೆ 'ಎಂಟರಲ್ಲಿ ಎಂಟು' ಎಂದಿದೆ. ಸಹೋದ್ಯೋಗಿಗಳು ಏಳೇ ಜನ. ಎಂಟನೆಯವರು ಯಾರು ಎಂದು ಅವಳಿಗೆ ಗೊತ್ತಿಲ್ಲ.

(ನನಗೆ ಗೊತ್ತು. ಆಮೇಲೆ ಹೇಳುತ್ತೇನೆ.)

೫

ಓದುಗರ ತಕರಾರು: ಒಂದು ಗುಂಡಿ ಒತ್ತಿದರೆ ಹಂಚಿಕೆ ನಿಲ್ಲುತ್ತದಲ್ಲ, ಒತ್ತಬಾರದೇ?

ಒತ್ತಲಾರಳು ಸ್ವಾಮಿ, ಅವಳು ಪಿರೋತ್ ಊರಿನವಳು. ಸರ್ಬಿಯಾದವರೆಲ್ಲ ಜಿಪುಣತನದ ಜೋಕು ಕಟ್ಟುವುದು ಆ ಊರಿನ ಮೇಲೆಯೇ. "ನಿಮ್ಮೂರಲ್ಲಿ ಮನೆಯವರೆಲ್ಲ ಒಟ್ಟಿಗೆ ಆಕಳಿಸಲ್ವಂತೆ, ಗಾಳಿ ಖರ್ಚಾಗುತ್ತೆ ಅಂತ," ಎಂದು ವಿಭಾಗದ ಮುಖ್ಯಸ್ಥ ವೆರೊಲ್ಯುಬ್ ಹನ್ನೊಂದು ವರ್ಷದಿಂದ ಅದೇ ಜೋಕನ್ನು ಹೇಳಿ ಅದೇ ನಗು ನಗುತ್ತಿದ್ದಾನೆ. ಅವನ ಬಾಯಿಗೆ ಬೀಳಬಾರದೆಂದೇ ಅವಳು ಹಂಚಿದ್ದು.

ಹಾಗಾದರೆ ಎದುರಿನ ಕೆಫೆಗೆ ಹೋಗಬಾರದೇ? ಕೆಫೆಯನ್ನು ನಾನು ಈಗಷ್ಟೇ ಮುಚ್ಚಿಸಿದೆ. ಮಾಲೀಕನ ಅತ್ತೆಗೆ ಹುಷಾರಿಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

೬

ಒಂದೂವರೆ. ಶೇಕಡಾ ಹದಿನಾಲ್ಕು. ಅವಳು ಎದ್ದು ವೆರೊಲ್ಯುಬ್‌ನ ಮೇಜಿಗೆ ಹೋದಳು.

"ಸರ್, ಸ್ವಲ್ಪ ಹೊತ್ತು ಲೈನ್ ಬಿಡ್ತೀರಾ?"

"ನಂದೇನಮ್ಮಾ ಮಹಾ, ಬರೀ ಹವಾಮಾನ ನೋಡ್ತಾ ಇದೀನಿ." ಕಿಟಕಿ ಅವನ ಪಕ್ಕದಲ್ಲೇ ಇತ್ತು. ಹೊರಗೆ ಬಿಸಿಲಿತ್ತು.

ಪಕ್ಕದ ಮೇಜಿನ ಸ್ನೆಝಾನಾ ತಲೆ ಎತ್ತಲಿಲ್ಲ. "ನಾನು ಅಡುಗೆ ವಿಡಿಯೊ ಅಷ್ಟೇ ಕಣೇ. ಸೌಂಡ್ ಕೂಡ ಇಟ್ಕೊಂಡಿಲ್ಲ, ನಿಂಗೆ ಉಳೀಲಿ ಅಂತ."

ದೊಬ್ರಿಲಾ ನಕ್ಕು ವಾಪಸು ಬಂದು ಕೂತಳು. ಒಬ್ಬೊಬ್ಬರದೂ ಇಷ್ಟಿಷ್ಟೇ, ಯಾರೂ ಏನೂ ಬಳಸುತ್ತಿಲ್ಲ, ಲೈನು ಮಾತ್ರ ಸತ್ತಂತಿದೆ.

೭

ಇಲ್ಲಿ ಅವಳಿಗೂ ನನಗೂ ಜಗಳವಾಯಿತು.

"ಕಾಕಾ, ನನ್ನನ್ನ ಇಷ್ಟು ಪುಕ್ಕಲಿ ಮಾಡ್ಬೇಡಿ. ಕೆಫೆ ಮುಚ್ಚಿಸಿದ್ದೂ ಆಯ್ತು. ಈಗ ಬಾಯೂ ಮುಚ್ಚಿಸ್ತೀರಾ?"

"ಪುಕ್ಕಲಿಯಾದ್ರೆ ವ್ಯಂಗ್ಯ ಚೆನ್ನಾಗಿ ಬರುತ್ತಮ್ಮ."

"ನಿಮ್ಮ ವ್ಯಂಗ್ಯಕ್ಕೆ ಬೆಂಕಿ ಬೀಳ. ನಂಗೆ ಕೆಲಸ ಬೇಕು."

ಸರಿ, ನಾನು ಕೈ ಬಿಟ್ಟೆ. ಅವಳು ಎದ್ದು ಕೋಣೆಯ ನಡುವೆ ನಿಂತಳು. (ಇದು ನಾನು ಬರೆದದ್ದಲ್ಲ.)

"ನಾಚಿಕೆ ಬಿಟ್ಟು ಹೇಳ್ತೀನಿ, ಕೇಳಿ. ಹನ್ನೊಂದು ವರ್ಷ ಆಯ್ತು. ಇವತ್ತು ಎರಡು ಗಂಟೆಗೆ ಅರ್ಜಿ ಕೊನೆ. ನಿಮಗೆಲ್ಲ ಕಾಯಂ ಕೆಲಸ ಇದೆ, ನಂಗೆ ಇರೋದು ಈ ಲೈನ್ ಒಂದೇ. ಇಪ್ಪತ್ತು ನಿಮಿಷ ಅದನ್ನ ನಂಗೆ ಬಿಟ್ಕೊಡಿ."

ಫೋನುಗಳು ಒಂದೊಂದಾಗಿ ಮೇಜಿನ ಮೇಲೆ ಮಗುಚಿ ಬಿದ್ದವು. "ಮೊದ್ಲೇ ಹೇಳ್ಬಾರ್ದಿತ್ತೇನೇ," ಎಂದಳು ಸ್ನೆಝಾನಾ, ತಾನೇ ನೊಂದವಳಂತೆ. ವೆರೊಲ್ಯುಬ್ ಪಕ್ಕದವನ ಕಡೆ ಬಾಗಿ ಮೆಲ್ಲಗೆ "ಪಿರೋತ್" ಎಂದ. ಅವಳಿಗೆ ಕೇಳಿಸಿತು. ಕೇಳಿಸಲೆಂದೇ ಅವನು ಹೇಳಿದ್ದು.

೮

ಎಂಟರಲ್ಲಿ ಒಂದು. ಶೇಕಡಾ ಐವತ್ತೆಂಟು, ಮತ್ತೆ ನಿಂತಿತು.

ಈಗ ಒಪ್ಪಿಕೊಳ್ಳುತ್ತೇನೆ, ಅದು ನಾನು. ಹಬ್ಬದ ದಿನ ಅವಳು ನನ್ನ ಪಾಲಿನ ಸಿಹಿಯನ್ನು ಅದೇ ಡಬ್ಬಿಯಲ್ಲಿ ಕೆಳಗೆ ನನ್ನ ಮನೆಗೆ ತಂದಿದ್ದಳು, ಮುಚ್ಚಳ ಓದಿಕೊಂಡೆ. ಈ ಕಥೆಯನ್ನು ಅವಳ ಲೈನಿನಲ್ಲೇ ಬರೆಯುತ್ತಿದ್ದೇನೆ. ಅಕ್ಷರಕ್ಕೆ ಅಷ್ಟೇನೂ ಖರ್ಚಾಗುವುದಿಲ್ಲ ಎನ್ನುತ್ತೀರಿ. ನಿಜ. ಪಕ್ಕದಲ್ಲಿ ಬಾಸ್ಕೆಟ್‌ಬಾಲ್ ಪಂದ್ಯವೂ ಓಡುತ್ತಿತ್ತು.

ಮೇಲಿನ ಕಿಟಕಿಯಿಂದ ಅವಳ ತಲೆ ಹೊರಬಂತು. "ಕಾಕಾ, ನೀವಾ?"

"ಎರಡು ಕೊನೆ ಬರ್ದಿದೀನಿ ಕೇಳಮ್ಮ. ಒಂದರಲ್ಲಿ ನಿಂಗೆ ಕೆಲಸ ಸಿಗುತ್ತೆ. ಇನ್ನೊಂದರಲ್ಲಿ ಆ ಹುದ್ದೆ ವೆರೊಲ್ಯುಬ್‌ನ ಅಳಿಯನಿಗೆ ಮೊದ್ಲೇ..."

"ನಂಗೆ ನಿಮ್ಮ ಕೊನೆ ಬೇಡ ಕಾಕಾ. ಲೈನ್ ಬೇಕು."

ಹನ್ನೊಂದು ವರ್ಷದಲ್ಲಿ ಅವಳು ನನ್ನನ್ನು ಏನನ್ನೂ ಕೇಳಿದವಳಲ್ಲ. ನನಗೆ ನಾಚಿಕೆಯಾಯಿತು. ಅವಳ ಕಣ್ಣೆದುರಿಗೇ ಲೈನು ಬಿಟ್ಟೆ.

೯

"ಹೋಗ್ತಿದೆ," ಎಂದಳು. "ಎಪ್ಪತ್ತು. ಎಂಬತ್ತು. ಎಂಬತ್ತೆಂಟು." ಆಮೇಲೆ ಎಣಿಕೆ ನಿಂತಿತು. "ಕಾಕಾ, ಇನ್ನೂ ಒಂದು ಅಂತ ತೋರಿಸ್ತಿದೆ."

"ಆಣೆಗೂ ನಾನಲ್ಲಮ್ಮ."

ಮೇಲಿನ ಏಳು ಫೋನುಗಳೂ ಮಗುಚಿಯೇ ಇದ್ದವು. ನನ್ನದು ಆರಿತ್ತು. ಹಾಗಾದರೆ ನಾನು ಬಿಟ್ಟ ಜಾಗಕ್ಕೆ ಬಂದವರು ಯಾರು? ಈ ಕಥೆ ಅವಳ ಲೈನಿನಲ್ಲಿದೆ ಎಂದು ಆಗಲೇ ಹೇಳಿದೆ. ಅದು ಗೊತ್ತಾದ ಮೇಲೂ ನೀವು ಅದರ ಮೇಲೇ ಓದುತ್ತಾ ಇಲ್ಲಿಯವರೆಗೆ ಬಂದಿರಿ. ಕೆಲಸ ಸಿಕ್ಕಿತೋ ಇಲ್ಲವೋ ತಿಳಿದುಕೊಂಡೇ ಏಳೋಣ ಎಂದು ಕೂತಿದ್ದೀರಿ, ಬರೀ ಇಷ್ಟೇ ತಾನೇ, ಸೌಂಡ್ ಕೂಡ ಇಲ್ಲವಲ್ಲ ಎಂದು.

ಎರಡಕ್ಕೆ ನಾಲ್ಕು ನಿಮಿಷವಿದೆ. ಅವಳು ನಿಮ್ಮನ್ನು ಕೇಳಲಾರಳು. ಇವತ್ತು ಮೂರು ಸಲ ಕೇಳಿದ್ದೇ ಅವಳಿಗೆ ಸಾಕಾಗಿದೆ. ಅದಕ್ಕೇ ನಾನು ಕೇಳುತ್ತಿದ್ದೇನೆ, ಮುಂದಿನ ಸಾಲಿಗೆ ಕಾಯಬೇಡಿ, ಇಲ್ಲಿಗೇ ಪುಟ ಮುಚ್ಚಿ.