ಐಸಕ್ಕ ಹೊತ್ತ ಹಾಲು

ಐಸಕ್ಕನಿಗೆ ಆ ಹೆಸರು ಬಂದದ್ದು ಮಂಜುಗಡ್ಡೆಯ ಕಾರ್ಖಾನೆಯಿಂದ. ಹೆತ್ತವರಿಲ್ಲದ ತಂಗಿಯನ್ನು ಸಾಕಿ, ಓದಿಸಿ, ಮದುವೆ ಮಾಡಿ, ತನ್ನ ತಲೆ ಅರ್ಧ ಬೆಳ್ಳಗಾಗುವವರೆಗೆ ಅವಳು ಅಲ್ಲಿ ಮೀನಿನ ಪೆಟ್ಟಿಗೆಗಳಿಗೆ ಮಂಜು ತುಂಬಿದವಳು. "ಐಸಕ್ಕ ಯಾವ ಸಾಹೇಬನಿಗೂ ಐಸ್ ಇಡೋಳಲ್ಲ, ಮೀನಿಗೆ ಮಾತ್ರ ಇಡ್ತಾಳೆ" ಎಂದು ಜೊತೆಯವರು ನಗುತ್ತಿದ್ದರು. ಅವಳ ಕೈಯಿಂದ ಹೋದ ಪೆಟ್ಟಿಗೆ ಎಷ್ಟು ದೂರ ಹೋದರೂ ಮೀನು ಕೆಟ್ಟಿತೆಂಬ ಮಾತು ತಿರುಗಿ ಬಂದದ್ದಿಲ್ಲ. ಆದರೆ ಪೆಟ್ಟಿಗೆಗಳು ಹೋಗುತ್ತಿದ್ದ ಮಹಾನಗರಕ್ಕೆ ಅವಳು ಮಾತ್ರ ಒಂಟಿಯಾಗಿ ಎಂದೂ ಹೋದವಳಲ್ಲ.

ಈಗ ಹೋಗಲೇಬೇಕಿತ್ತು. ತಂಗಿಗೆ ದಿನ ತುಂಬುವ ಮೊದಲೇ ಗಂಡುಮಗು ಹುಟ್ಟಿತ್ತು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಊರಿನ ಆಸ್ಪತ್ರೆಯಲ್ಲಿ ಅಷ್ಟು ಚಿಕ್ಕವರನ್ನು ಇಡುವ ಯಂತ್ರವಿಲ್ಲ. ತಂಗಿಯ ಗಂಡ ಮಗುವಿನ ಜೊತೆ ಆಂಬುಲೆನ್ಸ್ ಹತ್ತಿ ನಗರಕ್ಕೆ ಹೋದ. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡ ತಂಗಿ ಇಲ್ಲೇ ಉಳಿದಳು. ಮರುದಿನ ಅವನಿಂದ ಫೋನು: ಪುಡಿ ಹಾಲು ಮಗುವಿಗೆ ಒಗ್ಗುತ್ತಿಲ್ಲ, ಹೊಟ್ಟೆ ಉಬ್ಬರಿಸುತ್ತಿದೆ, ತಾಯಿಯ ಹಾಲು ಹೇಗಾದರೂ ಬೇಕು ಎನ್ನುತ್ತಿದ್ದಾರೆ ಡಾಕ್ಟರು.

ಇನ್ನೂ ಕತ್ತಲಿರುವಾಗಲೇ ಐಸಕ್ಕ ವಾರ್ಡಿಗೆ ಬಂದಳು. ತಂಗಿ ಹಾಸಿಗೆಯಲ್ಲಿ ಒರಗಿಕೊಂಡು, ಹಿಂಡಿ ತೆಗೆದ ಹಾಲಿನ ಪುಟ್ಟ ಡಬ್ಬಿಗಳನ್ನು ಮುಂದೆ ಮಾಡಿದಳು. ಒಂದೊಂದರ ತಳದಲ್ಲಿ ಒಂದಿಷ್ಟು.

"ಇಷ್ಟೇ ಬಂದಿದ್ದು ಕಣಕ್ಕ."

"ಇಷ್ಟೇ ಅನ್ಬೇಡ. ಅವನ ಹೊಟ್ಟೆ ಎಷ್ಟಿದೆ, ನನ್ನ ಹೆಬ್ಬೆಟ್ಟಿನಷ್ಟು. ಅವನಿಗಿದು ಹಂಡೆ ಹಾಲು."

"ಒಬ್ಬಳೇ ಹೋಗ್ತೀಯ. ದಾರಿ ಗೊತ್ತಾ?"

"ಬಾಯಿದ್ದೋರು ಬರಗಾಲದಲ್ಲೂ ಬದುಕ್ತಾರೆ. ನನ್ನ ಬಾಯಿ ಎಷ್ಟು ದೊಡ್ಡದು ಅಂತ ನಿಂಗೆ ಗೊತ್ತಲ್ಲ."

ತಣ್ಣಗಿರಲಿ, ಬೆಚ್ಚಗಾದರೆ ಕೆಡುತ್ತದೆ ಎಂದು ನಗರದ ಆಸ್ಪತ್ರೆಯ ನರ್ಸಮ್ಮ ಫೋನಿನಲ್ಲಿ ಹೇಳಿದ್ದರು. ಐಸಕ್ಕ ಕಾರ್ಖಾನೆಯಿಂದ ತಂದ ಪೆಟ್ಟಿಗೆಯನ್ನು ವರಾಂಡದ ಮಂದ ಬೆಳಕಿನಲ್ಲಿ ತುಂಬಿದಳು. ಪುಡಿ ಮಂಜು, ಒಂದು ಹಿಡಿ ಉಪ್ಪು, ಡಬ್ಬಿಗಳು, ಮತ್ತೆ ಮಂಜು, ಮತ್ತೆ ಒಂದು ಹಿಡಿ ಉಪ್ಪು. ಕಣ್ಣು ಮುಚ್ಚಿದರೂ ಮಾಡುವ ಕೆಲಸ. ಮುಚ್ಚಳ ಬಿಗಿದು, ಪಟ್ಟಿಯನ್ನು ಹೆಗಲಿಗೇರಿಸಿ ಬಸ್ಸು ಹಿಡಿದಳು.

ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಕಂಡಕ್ಟರು ಪೆಟ್ಟಿಗೆ ನೋಡಿ ಮೂಗು ಸೊಟ್ಟ ಮಾಡಿದ. "ಏನಮ್ಮ, ಮೀನಾ? ವಾಸನೆ ಬಂದ್ರೆ ಪೆಟ್ಟಿಗೆ ಸಮೇತ ಇಳಿಸ್ಬಿಡ್ತೀನಿ."

"ಹಾಲು."

"ಸಿಟಿಗೆ ಹಾಲು ಹೊತ್ಕೊಂಡು ಹೋಗ್ತೀರಾ? ಅಲ್ಲಿ ಹಾಲು ಸಿಗಲ್ವಾ?"

"ಈ ಹಾಲು ಸಿಗಲ್ಲ. ಆಸ್ಪತ್ರೆಲಿರೋ ಮಗುಗೆ ಅದರ ತಾಯಿ ಕೊಟ್ಟಿದ್ದು."

ಕಂಡಕ್ಟರು ಪಕ್ಕಕ್ಕೆ ಸರಿದ. ಅವನು ತನ್ನ ಸೀಟಿನ ಮೇಲಿದ್ದ ಚೀಲ ಎತ್ತಿ, "ಕೂತ್ಕೊಳ್ಳಿ" ಎಂದ. ಆಮೇಲೆ ದಾರಿಯುದ್ದಕ್ಕೂ ಅವನು ನಿಂತೇ ಇದ್ದ.

ಕೂತ ಮೇಲೆ ಐಸಕ್ಕನಿಗೆ ಒಮ್ಮೆ ನೋಡಿಬಿಡೋಣ ಅನ್ನಿಸಿತು. ಮುಚ್ಚಳ ತುಸುವೇ ಎತ್ತಿ ಮೇಲಿನ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು. ಸದ್ದಿಲ್ಲ. ಬೆರಳಿನಿಂದ ತಟ್ಟಿದಳು. ಕಲ್ಲು.

ಆಗ ಉಪ್ಪಿನ ನೆನಪಾಯಿತು. ಉಪ್ಪು ಬಿದ್ದರೆ ಮಂಜಿನ ಶೀತ ಇನ್ನಷ್ಟು ಹೆಚ್ಚುತ್ತದೆ, ಒಳಗಿರುವುದು ಕಲ್ಲಾಗುತ್ತದೆ. ಅದಕ್ಕೇ ಅಲ್ಲವೇ ದೂರ ಹೋಗುವ ಮೀನಿಗೆ ಉಪ್ಪು ಹಾಕುವುದು! ಹಾಲು ತಣ್ಣಗಿರಲಿ ಎಂದರೆ ಅವಳು ಮೀನು ಕಟ್ಟಿದಂತೆ ಕಟ್ಟಿದ್ದಳು. ಕೈ ಕಲಿತದ್ದು ತಲೆಯನ್ನು ಕೇಳುವುದಿಲ್ಲ. ಮನೆಯಲ್ಲಿ ಒಮ್ಮೆ ಹಾಲು ಹೀಗೆ ಮಂಜುಗಟ್ಟಿ, ಕರಗಿದಾಗ ನೀರೇ ಬೇರೆ, ಕೆನೆಯೇ ಬೇರೆಯಾಗಿ ಚೆಲ್ಲಿದ್ದು ಅವಳಿಗೆ ಗೊತ್ತು. ನೋವಿನಲ್ಲಿ ಹಲ್ಲು ಕಚ್ಚಿಕೊಂಡು ತಂಗಿ ಹಿಂಡಿದ್ದು ಇದೇ ಹಾಲು.

ದರಿದ್ರ ಒಂಟಿಯಾಗಿ ಬರುವುದಿಲ್ಲ. ಹೆದ್ದಾರಿಯ ನಡುವೆ ಬಸ್ಸು ಕೆಮ್ಮಿ, ಗೊರಗುಟ್ಟಿ, ಹೊಗೆ ಬಿಟ್ಟು ನಿಂತೇ ಹೋಯಿತು. ಎಲ್ಲರೂ ಕೆಳಗಿಳಿದರು. ರಸ್ತೆಯ ಆಚೆ ಬದಿಯಲ್ಲಿ ಊರ ಕಡೆ ಹೋಗುವ ಬಸ್ಸೊಂದು ಜನ ಹತ್ತಿಸಿಕೊಳ್ಳುತ್ತಿತ್ತು. ಐಸಕ್ಕ ಪೆಟ್ಟಿಗೆ ಹೊತ್ತು ಅತ್ತ ಹೆಜ್ಜೆ ಹಾಕಿದಳು.

"ಅಮ್ಮ, ಎಲ್ಲಿಗೆ?" ಕಂಡಕ್ಟರು ಅಡ್ಡ ಬಂದ.

"ವಾಪಸ್ಸು. ಹಾಲು ಕಲ್ಲಾಗಿದೆ. ನಾನೇ ಕೆಡಿಸ್ಬಿಟ್ಟೆ. ಬೇರೆ ತರ್ತೀನಿ."

"ಬೇರೆ ಇದೆಯಾ ಅಲ್ಲಿ?"

ಇರಲಿಲ್ಲ. ಇನ್ನಷ್ಟು ಬರುವ ಹೊತ್ತಿಗೆ ಅಲ್ಲಿ ಮಗುವಿನ ಗತಿ?

"ಕೆಟ್ಟಿದೆ ಅಂತ ನಿಮಗೆ ಯಾರು ಹೇಳಿದ್ರು? ನೀವು ಡಾಕ್ಟರಾ, ನಾನು ಡಾಕ್ಟರಾ? ತೀರ್ಮಾನ ಅವರು ಮಾಡ್ಲಿ. ಮುಟ್ಟಿಸೋದಷ್ಟೇ ನಮ್ಮ ಕೆಲಸ." ಹಾಗೆಂದವನೇ ರಸ್ತೆಯ ಮಧ್ಯಕ್ಕೆ ಹೋಗಿ ಎರಡೂ ಕೈ ಚಾಚಿ ಒಂದು ಲಾರಿಯನ್ನು ನಿಲ್ಲಿಸಿದ. "ಅಣ್ಣ, ಇದರಲ್ಲಿ ನಮ್ಮ ಮಗು ಹಾಲಿದೆ. ಸಿಟಿ ಮುಟ್ಟಿಸು!"

ನಮ್ಮ ಮಗು. ಐಸಕ್ಕ ಅವನ ಮುಖ ನೋಡಿದಳು. ಅವನಾಗಲೇ ಪೆಟ್ಟಿಗೆಯನ್ನು ಮೇಲೆತ್ತಿ ಕೊಡುತ್ತಿದ್ದ.

ಅದು ಹಾಸಿಗೆ ಸಾಗಿಸುವ ಲಾರಿ. ಡ್ರೈವರು ದಢೂತಿ, ಕಣ್ಣು ಕೆಂಪು. "ಹಿಂದೆ ಇಷ್ಟೊಂದು ಹಾಸಿಗೆ ಇದೆ ನೋಡಕ್ಕ, ಮಲಗೋ ಭಾಗ್ಯ ಮಾತ್ರ ಇಲ್ಲ. ಮಾತಾಡ್ತಾ ಇರು, ಇಲ್ಲಾಂದ್ರೆ ನಾನು ಇಲ್ಲೇ ಗೊರಕೆ ಹೊಡೀತೀನಿ." ಬೆಳಗಿನ ಗಾಳಿ ಚುಚ್ಚುತ್ತಿತ್ತು. ಐಸಕ್ಕ ಕಿಟಕಿ ಏರಿಸಲು ಹೋದಾಗ ಅವನು ತಡೆದ. "ತೆಗೆದೇ ಇರ್ಲಿ. ಹಾಲಿಗೆ ತಂಪು ಬೇಕಲ್ಲ. ನನಗೇನು, ಒಳಗೆ ಕೊಬ್ಬಿದೆ." ಅಷ್ಟು ಹೇಳಿದವನ ಹಲ್ಲು ಕಟಕಟ ಎನ್ನುತ್ತಿತ್ತು. ನಗಬಾರದೆಂದುಕೊಂಡರೂ ಐಸಕ್ಕನಿಗೆ ನಗು ಬಂತು. ಆ ದಿನದ ಮೊದಲ ನಗು.

ಆ ಹೊತ್ತಿನಲ್ಲಿ ಲಾರಿಗಳನ್ನು ನಗರದ ಒಳಕ್ಕೆ ಬಿಡುವುದಿಲ್ಲ. ಅವನು ಅಂಚಿನ ರೈಲು ನಿಲ್ದಾಣದ ಬಾಗಿಲಲ್ಲಿ ಇಳಿಸಿ, ಯಾವ ರೈಲು, ಎಲ್ಲಿ ಇಳಿಯಬೇಕು ಎಂದು ಅವಳ ಬಾಯಲ್ಲೇ ಹೇಳಿಸಿ, ಆಮೇಲೆ ಹೊರಟ.

ರೈಲಿನೊಳಗೆ ಜನರೆಂದರೆ ಜನ, ಮೂಟೆಗೆ ಧಾನ್ಯ ತುರುಕಿದ ಹಾಗೆ. ಆ ನೂಕಾಟದಲ್ಲಿ ಪೆಟ್ಟಿಗೆಯ ಪಟ್ಟಿ ಕಿತ್ತುಹೋಯಿತು. ಐಸಕ್ಕ ಅದನ್ನು ಕೂಸಿನಂತೆ ಸೊಂಟಕ್ಕೇರಿಸಿಕೊಂಡಳು. ತೋಳು ಮರಗಟ್ಟಿತ್ತು, ಉಪ್ಪುನೀರು ಜಿನುಗಿ ಸೀರೆ ಒದ್ದೆಯಾಗಿತ್ತು. ಪಕ್ಕದಲ್ಲಿ ನಿಂತಿದ್ದ ಒಬ್ಬ ಹುಡುಗಿ, ಆಫೀಸಿಗೆ ಹೋಗುವವಳು, ಕಿವಿಯಲ್ಲಿದ್ದ ಹಾಡು ನಿಲ್ಲಿಸಿ ತನ್ನ ಕತ್ತಿನ ದುಪಟ್ಟಾ ಬಿಚ್ಚಿದಳು. ಪೆಟ್ಟಿಗೆಗೆ ಎರಡು ಸುತ್ತು ಸುತ್ತಿ, ಗಂಟು ಹಾಕಿ, ಐಸಕ್ಕನ ಹೆಗಲಿಗೆ ತೂಗುಹಾಕಿದಳು.

"ಅಯ್ಯೋ, ಇದನ್ನ ನಿಂಗೆ ಹೇಗಮ್ಮ ತಿರುಗಿ ಕೊಡ್ಲಿ?"

"ಬೇಡ ಆಂಟಿ. ನಮ್ಮಮ್ಮ ತಂದಿದ್ದು, ಬಣ್ಣ ನಂಗೂ ಇಷ್ಟ ಇರ್ಲಿಲ್ಲ" ಎಂದು ಕಣ್ಣು ಮಿಟುಕಿಸಿ ಮುಂದಿನ ನಿಲ್ದಾಣದಲ್ಲಿ ಇಳಿದೇಬಿಟ್ಟಳು.

ಆಸ್ಪತ್ರೆ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಮಕ್ಕಳ ವಾರ್ಡಿನ ಬಾಗಿಲಲ್ಲಿ ತಂಗಿಯ ಗಂಡ ಗಡ್ಡ ಬೆಳೆಸಿಕೊಂಡು ನಿಂತಿದ್ದ. ಅವನು ಪೆಟ್ಟಿಗೆಗೆ ಕೈ ಹಾಕಿದರೂ ಐಸಕ್ಕ ಬಿಡಲಿಲ್ಲ. ನೇರ ನರ್ಸಮ್ಮನ ಮೇಜಿಗೇ ಒಯ್ದಳು.

"ತಪ್ಪಾಯ್ತು ನರ್ಸಮ್ಮ. ಮೀನಿಗೆ ಹಾಕೋ ಹಾಗೆ ಉಪ್ಪು ಹಾಕ್ಬಿಟ್ಟೆ. ಹಾಲು ಕಲ್ಲಾಗಿದೆ."

ನರ್ಸಮ್ಮ ಒಂದೊಂದೇ ಡಬ್ಬಿಯನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಒತ್ತಿದರು.

"ಎಷ್ಟೊತ್ತಿಗೆ ಹೊರಟ್ರಿ?"

"ಕತ್ತಲಲ್ಲೇ. ಬಸ್ಸು ಕೆಟ್ಟೋಯ್ತು, ಲಾರಿ, ಆಮೇಲೆ ರೈಲು..."

"ಅಷ್ಟೊತ್ತು ಬರೀ ಮಂಜಲ್ಲಿ ಇಟ್ಟಿದ್ರೆ ಅರ್ಧ ದಾರೀಲೇ ಬೆಚ್ಚಗಾಗಿರೋದು, ನಾನೇ ಚೆಲ್ಲಿಸ್ತಿದ್ದೆ. ಇದು ಗಟ್ಟಿಯಾಗೇ ಇದೆ. ಮಂಜುಗಟ್ಟಿದ್ರೆ ತಾಯಿ ಹಾಲು ಕೆಡಲ್ಲಮ್ಮ, ಮೆಲ್ಲಗೆ ಕರಗಿಸಿ ಕೊಡ್ತೀವಿ. ಕೆನೆ ಬೇರೆಯಾದ್ರೂ ಕೂಡಿಕೊಳ್ಳುತ್ತೆ."

ಐಸಕ್ಕ ಅಲ್ಲಿಯೇ ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

ಗಾಜಿನ ಆಚೆ, ದಾರದಷ್ಟು ಸಣ್ಣ ನಳಿಕೆಯಲ್ಲಿ ಬಿಳಿಯ ಗೆರೆಯೊಂದು ನಿಧಾನವಾಗಿ ಇಳಿಯಿತು. ಮಗು ಕೈ ಮುಷ್ಟಿ ಮಾಡಿ ಮಲಗಿತ್ತು. ಎಲ್ಲರೂ ಕಾದರು. ಎರಡನೆಯ ಸಲ ಕೊಟ್ಟರು, ಮತ್ತೆ ಕಾದರು. ನರ್ಸಮ್ಮ ಮಗುವಿನ ಹೊಟ್ಟೆಯ ಮೇಲೆ ಎರಡು ಬೆರಳಿಟ್ಟು ನೋಡಿ ಹೊರಗೆ ಬಂದರು.

"ಮೆತ್ತಗಿದೆ. ಉಬ್ಬರ ಇಲ್ಲ. ಅವನಿಗೆ ಒಗ್ಗಿದೆ."

ತಂಗಿಯ ಗಂಡ ಮುಖ ಗೋಡೆಗೆ ತಿರುಗಿಸಿ ನಿಂತ. ಐಸಕ್ಕ ಅವನ ಬೆನ್ನು ತಟ್ಟಿ, ಅವನ ಫೋನಿನಿಂದಲೇ ತಂಗಿಗೆ ಸುದ್ದಿ ಹೇಳಿದಳು. ಬಸ್ಸು, ಲಾರಿ, ರೈಲು ಎಲ್ಲವನ್ನೂ ಹೇಳಿದಳು.

"ಅವರ ಹೆಸರೇನಕ್ಕ?"

"ಕೇಳಲೇ ಇಲ್ಲ ಕಣೆ. ಪೆದ್ದಿ ನಾನು. ಅವರು ಎಲ್ಲಿದ್ರೂ ತಣ್ಣಗಿರಲಿ."

ಆಚೆಯಿಂದ ಬಿಕ್ಕುವ ಸದ್ದು ಬಂತು.

"ಏಯ್, ಸುಮ್ಮಸುಮ್ಮನೆ ಅಳಬೇಡ" ಎಂದಳು ಐಸಕ್ಕ, ತನ್ನ ಕಣ್ಣು ಒರೆಸಿಕೊಳ್ಳುತ್ತಾ. "ಅಳೋದಾದ್ರೆ ಡಬ್ಬಿ ಹಿಡ್ಕೊಂಡು, ಹಿಂಡ್ತಾ ಅಳು. ಅವನಿಗೆ ನಾಳೆಗೂ ಬೇಕು."