ಎರಡನೇ ಟ್ರಿಪ್

ಅಣ್ಣ ತಮ್ಮ ಇಬ್ಬರೂ ಯುದ್ಧಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿದವರು ವಾರಗಿತ್ತಿಯರಿಬ್ಬರು, ಜೊತೆಗೆ ಕಿರಿಯಳ ಐದು ವರ್ಷದ ಮಗಳು. ಹಿರಿಯಳು ಹಿಂದೆ ಹಾಸ್ಟೆಲ್ ನೋಡಿಕೊಂಡವಳು. ಬೀದಿಯವರಿಗೆ ಈಗಲೂ ಅವಳು ವಾರ್ಡನ್. ಕಿರಿಯಳು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು.

ಊರು ಖಾಲಿ ಮಾಡಿ ಎಂಬ ಆದೇಶ ಬಂದಾಗ ವಾರ್ಡನ್ ಬೇರೆ ಊರಲ್ಲೊಂದು ಬಾಡಿಗೆ ಮನೆ, ಹೋಗಲು ಬೇಕರಿಯ ವ್ಯಾನು ಗೊತ್ತುಮಾಡಿದಳು. ಕಿರಿಯಳು ಎರಡು ದಿನ ನಡು ಬಗ್ಗಿಸಿ ಹಿಟ್ಟು, ಉಪ್ಪು, ಸೋಪು, ಸೀಮೆಎಣ್ಣೆ, ಹೊದಿಕೆ ಎಲ್ಲ ಕಟ್ಟಿದಳು. ಅವಳ ಹೊಲಿಗೆ ಯಂತ್ರವೂ ಏರಿತು. ಕೂರಲು ಜಾಗ ಉಳಿದದ್ದು ಒಬ್ಬರಿಗೆ.

“ಇವನ್ನ ಇಳಿಸಿ ವ್ಯಾನ್ ವಾಪಸ್ ಕಳಿಸ್ತೀನಿ. ನೀನು, ಮಗು ಎರಡನೇ ಟ್ರಿಪ್ಪಲ್ಲಿ ಬನ್ನಿ,” ಎಂದಳು ವಾರ್ಡನ್.

“ಮಗೂನಾದ್ರೂ ತೊಡೆ ಮೇಲೆ ಕೂರಿಸ್ಕೊಳ್ಳಿ ಅಕ್ಕ.”

“ದಾರೀಲಿ ರಚ್ಚೆ ಹಿಡಿದ್ರೆ ಯಾರು ಸುಧಾರಿಸೋದು? ಸಾಯಂಕಾಲದೊಳಗೆ ಬರುತ್ತೆ, ಸುಮ್ನಿರೇ.”

ನಾಲ್ಕು ದಿನ ಕಳೆದರೂ ವ್ಯಾನು ಬರಲಿಲ್ಲ. ತಾಯಿ ಮಗಳು ಬರಿ ನೆಲದ ಮೇಲೆ ಬಿಸ್ಕತ್ತು ಮುರಿದು ತಿಂದರು. ಮೂರನೆಯ ದಿನ ಶೆಲ್ ಬಿದ್ದು ಎದುರುಮನೆಯ ಮಾಡು ಸಿಡಿದು ಹೋಯಿತು. ಅಲ್ಲಿಂದಾಚೆ ಮಗು ‘ಯಾವಾಗ ಹೋಗೋದು’ ಎಂದು ಕೇಳುವುದನ್ನೇ ಬಿಟ್ಟಿತು.

ಐದನೆಯ ಬೆಳಿಗ್ಗೆ ವ್ಯಾನು ಬಂತು. ಅವರನ್ನು ಕಂಡು ಡ್ರೈವರ್ ಬೆಪ್ಪಾಗಿ ನಿಂತ.

“ನೀವಿನ್ನೂ ಇಲ್ಲೇ ಇದ್ದೀರಾ? ನೀರಿನ ಡ್ರಮ್ ಉಳಿದಿದೆ, ತಗೊಂಡ್ಬಾ ಅಂತ ಕಳಿಸಿದ್ರು. ನೀವು ಯಾರ ಜೊತೆಗೋ ಹೋದ್ರಿ ಅಂದ್ರಲ್ಲ ವಾರ್ಡನಮ್ಮ!”

ತಾಯಿ ಮಗಳು ಅದೇ ವ್ಯಾನಿನಲ್ಲಿ ಹೋಗಿ ಇಳಿದಾಗ ಹೊಸ ಮನೆಯಲ್ಲಿ ವಾರ್ಡನ್‌ಳ ತವರಿನ ಐದು ಜನ ಆಗಲೇ ಠಿಕಾಣಿ ಹೂಡಿದ್ದರು. ಅವಳ ತಂಗಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು.

“ಡ್ರಮ್ ತಂದ್ಯಾ?” ಎಂದು ಡ್ರೈವರನ್ನು ಕೇಳಿದ ಮೇಲೆ ವಾರ್ಡನ್ ಕಿರಿಯಳತ್ತ ತಿರುಗಿದಳು. “ನಿನ್ನ ಗಂಡನಿಗೆ ಬರೆದಾಯ್ತು, ನೀನು ಓಡಿಹೋದೆ ಅಂತ. ಈಗ ಬಂದು ನಿಂತ್ರೆ ನನ್ನ ಮುಖ ಎಲ್ಲಿಟ್ಕೊಳ್ಲಿ?”

“ಸುಳ್ಳು ಅಂತ ಇನ್ನೊಂದು ಬರೀರಿ ಅಕ್ಕ. ಕಾಲು ಹಿಡೀತೀನಿ.”

“ಬರೆಯೋಣ, ಬರೆಯೋಣ. ಮೊದಲು ಆ ಪಾತ್ರೆ ತೊಳಿ.”

ವಾರ್ಡನ್ ಬರೆಯಲಿಲ್ಲ. ಕಿರಿಯಳು ತಾನೇ ಮೂರು ಕಾಗದ ಹಾಕಿದಳು, ತಲುಪಿದವೋ ಇಲ್ಲವೋ. ತಿಂಗಳ ಮೇಲೆ ಅವಳ ಗಂಡನ ಉತ್ತರ ವಾರ್ಡನ್ ಹೆಸರಿಗೆ ಬಂತು. ಎಲ್ಲರೂ ಊಟಕ್ಕೆ ಕೂತಾಗ ವಾರ್ಡನ್ ಗಟ್ಟಿಯಾಗಿ ಓದಿದಳು: ‘ಅತ್ತಿಗೆ, ಅವಳ ಸುದ್ದಿ ನನಗೆ ಬೇಡ. ಮಗು ಸಿಕ್ಕರೆ ನೀವೇ ಸಾಕಿ.’

ಓದಿ ಮಡಿಚಿಟ್ಟು, ಮಗುವನ್ನು ಕರೆದಳು. “ಕೇಳಿಸ್ಕೊಂಡ್ಯಾ ಪುಟ್ಟಿ? ಇವತ್ತಿಂದ ನನ್ನ ಪಕ್ಕ ಮಲಗು. ಬಾ, ತಿನ್ನು.”

ಮಗು ಅಮ್ಮನ ಮುಖ ನೋಡಿತು. ವಾರ್ಡನ್‌ಳ ತಟ್ಟೆ ನೋಡಿತು. ಎದ್ದು ಹೋಗಿ ಅದರ ಮುಂದೆ ಕೂತಿತು.